ಐ-9ರ ಎರಡನೇ ಚೌಕ: ವಿಸ್ಕಾನ್ಸಿನ್ ಡೈರಿಯ ದಾಖಲೆಯಿಲ್ಲದ ಕೆಲಸಗಾರನೊಬ್ಬನ ಪ್ರಕರಣ

ಅಮೆರಿಕದಲ್ಲಿ ಕೆಲಸಕ್ಕೆ ಸೇರುವವರು ಯಾರೇ ಆಗಲಿ, ಸಾಫ್ಟ್‌ವೇರ್ ಎಂಜಿನಿಯರ್ ಇರಲಿ, ಕೊಟ್ಟಿಗೆ ತೊಳೆಯುವವನಿರಲಿ, ಮೊದಲ ದಿನವೇ ಐ-9 ಎಂಬ ನಮೂನೆಗೆ ಸಹಿ ಹಾಕಬೇಕು. 1986ರ ವಲಸೆ ಸುಧಾರಣಾ ಕಾನೂನು ಹುಟ್ಟುಹಾಕಿದ ಕಾಗದ ಇದು. ನಾಗರಿಕನೋ, ಗ್ರೀನ್ ಕಾರ್ಡ್ ಇರುವವನೋ, ಕೆಲಸದ ಪರವಾನಗಿ ಪಡೆದ ವಿದೇಶಿಯೋ ಎಂದು ಕೆಲಸಗಾರ ಒಂದು ಚೌಕದಲ್ಲಿ ಗುರುತು ಹಾಕುತ್ತಾನೆ. ಮಾಲೀಕ ಅವನ ಚೀಟಿಗಳನ್ನು ನೋಡಿ ಕೆಳಗೆ ಸಹಿ ಮಾಡುತ್ತಾನೆ. ನಮೂನೆ ಸರ್ಕಾರಕ್ಕೆ ಹೋಗುವುದಿಲ್ಲ, ಮಾಲೀಕನ ಕಪಾಟಿನಲ್ಲೇ ಉಳಿಯುತ್ತದೆ. ಗೋಡೆ, ಗಡೀಪಾರು, ಕ್ಷಮಾದಾನ ಎಂದು ನಲವತ್ತು ವರ್ಷದಿಂದ ನಡೆದಿರುವ ಜಗಳದಲ್ಲಿ ಈ ಚೌಕದ ಮಾತೆತ್ತುವವರು ವಕೀಲರು ಮಾತ್ರ. ಇಲ್ಲಿರುವ ಪ್ರಕರಣದಲ್ಲಿ ಒಂದು ಕುಟುಂಬ ಉಳಿದದ್ದು ಅದರಿಂದಲೇ.

ಗುರುತು ಸಿಗದಂತೆ ಹೆಸರು, ಊರು, ಕೆಲವು ತಾರೀಖುಗಳನ್ನು ಬದಲಿಸಿದೆ. ಒಂದೇ ಬಗೆಯ ಕಡತಗಳ ವಿವರಗಳನ್ನು ಒಟ್ಟಿಗೆ ಬೆಸೆದಿದೆ. ಕೆಲಸಗಾರನನ್ನು ಮಿಗೆಲ್ ಎಂದೂ ಅವನ ಹೆಂಡತಿಯನ್ನು ಕೇಟ್ ಎಂದೂ ಕರೆಯೋಣ.

ಹಿನ್ನೆಲೆ

ಮಿಗೆಲ್ ಮೆಕ್ಸಿಕೊದ ವೆರಾಕ್ರೂಸ್ ರಾಜ್ಯದ ಬೆಟ್ಟದೂರಿನವನು. ವಿಸ್ಕಾನ್ಸಿನ್‌ನ ಕೊಟ್ಟಿಗೆಗಳಲ್ಲಿ ಆ ಕಡೆಯವರು ಬಹಳ. 2004ರ ವಸಂತದಲ್ಲಿ, ಇಪ್ಪತ್ತನೇ ವಯಸ್ಸಿಗೆ, ಅರಿಜೋನಾದ ಮರುಭೂಮಿ ದಾಟಿ ಬಂದ. ಮೊದಲ ಸಲ ಸಿಕ್ಕಿಬಿದ್ದ; ಬೆರಳಚ್ಚು ತೆಗೆದುಕೊಂಡು ಅದೇ ದಿನ ಗಡಿಯಾಚೆ ಬಿಟ್ಟರು. ವಾರದೊಳಗೆ ಮತ್ತೆ ದಾಟಿದ. ಮೂರು ವರ್ಷ ಮಾಂಸದ ಕಾರ್ಖಾನೆಯಲ್ಲಿದ್ದು, 2007ರ ಜುಲೈನಲ್ಲಿ ಸುಮಾರು 900 ಹಸುಗಳ ಡೈರಿಯೊಂದಕ್ಕೆ ಸೇರಿದ.

ಅಷ್ಟು ಹಸುಗಳಿಗೆ ದಿನಕ್ಕೆ ಮೂರು ಕರಾವು. ಹಾಲು ಕರೆಯುವ ಪಾರ್ಲರಿನ ಎರಡೂ ಬದಿಗೆ ಹಸುಗಳು ಸಾಲಾಗಿ ಬಂದು ನಿಲ್ಲುತ್ತವೆ. ಕೆಳಗಿನ ಹಳ್ಳದಲ್ಲಿ ನಿಂತವನು ಮೊಲೆಗಳನ್ನು ಅಯೋಡಿನ್‌ನಲ್ಲಿ ಅದ್ದಿ, ಮೊದಲ ನಾಲ್ಕೈದು ಧಾರೆಗಳನ್ನು ಕೈಯಲ್ಲಿ ಕರೆದು ಕೆಚ್ಚಲು ಬಾವಿನ ಹಾಲೇ ಎಂದು ನೋಡಿ, ಒರೆಸಿ, ಯಂತ್ರ ಸಿಕ್ಕಿಸಿ, ಕಳಚಿ, ಮತ್ತೆ ಅದ್ದಿ ಬಿಡುತ್ತಾನೆ. ಹನ್ನೆರಡು ಗಂಟೆಯ ಪಾಳಿ, ವಾರಕ್ಕೆ ಆರು ದಿನ. 1938ರ ಕೂಲಿ ಕಾನೂನು ಬೇಸಾಯದವರನ್ನು ಓವರ್‌ಟೈಮ್‌ನಿಂದ ಹೊರಗಿಟ್ಟಿದೆ, ಆದ್ದರಿಂದ ಅರವತ್ತನೇ ಗಂಟೆಗೂ ಮೊದಲ ಗಂಟೆಯ ಕೂಲಿಯೇ.

ಡೈರಿಗಳು ಕಾನೂನುಬದ್ಧವಾಗಿ ಹೊರಗಿನವರನ್ನು ಏಕೆ ಕರೆಸಿಕೊಳ್ಳುವುದಿಲ್ಲ? ಬೇಸಾಯಕ್ಕೆಂದೇ ಇರುವ ಎಚ್-2ಎ ವೀಸಾ ಹಂಗಾಮಿನ ಕೆಲಸಕ್ಕೆ ಮಾತ್ರ. ಸೇಬು ಬಿಡಿಸಲು, ಲೆಟಿಸ್ ಕೊಯ್ಯಲು ಸಿಗುತ್ತದೆ. ಹಸುವಿಗೆ ಹಂಗಾಮಿಲ್ಲ, ಕ್ರಿಸ್‌ಮಸ್ ದಿನವೂ ಕರೆಯಬೇಕು; ಆದ್ದರಿಂದ ಡೈರಿಗೆ ಆ ವೀಸಾ ಒದಗದು. ಹೆಚ್ಚಿನ ಓದು ಬೇಡದ ಕೆಲಸಗಳಿಗೆ ಉದ್ಯೋಗದ ಮೂಲಕ ಸಿಗುವ ಗ್ರೀನ್ ಕಾರ್ಡ್ ವರ್ಷಕ್ಕೆ ಹೆಚ್ಚೆಂದರೆ 10,000; ಅದು ಇಡೀ ಜಗತ್ತಿಗೆ, ಹೆಂಡತಿ ಮಕ್ಕಳ ಲೆಕ್ಕವೂ ಅದರಲ್ಲೇ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ 2023ರ ಅಧ್ಯಯನವೊಂದರ ಅಂದಾಜಿನಂತೆ ರಾಜ್ಯದ ಡೈರಿ ಕೆಲಸದಲ್ಲಿ ಸುಮಾರು ಶೇ. 70 ದಾಖಲೆಯಿಲ್ಲದವರದು.

ಇಲ್ಲಿ ಒಂದು ಮಾತು. ವರ್ಷಗಟ್ಟಲೆ ಗ್ರೀನ್ ಕಾರ್ಡಿಗೆ ಕಾದಿರುವ ನಮ್ಮ ಸಾಫ್ಟ್‌ವೇರ್ ಜನರಲ್ಲಿ ಅನೇಕರು "ನಾವು ಸರತಿಯಲ್ಲಿ ನಿಂತಿದ್ದೇವೆ, ಅವರೂ ನಿಲ್ಲಲಿ" ಎನ್ನುತ್ತಾರೆ. ಭಾರತೀಯರ ಸಾಲು ಅನ್ಯಾಯವೆನ್ನುವಷ್ಟು ಉದ್ದವಾಗಿದೆ, ನಿಜ. ಆದರೆ ಅದು ಇದೆ. ಹಾಲು ಕರೆಯುವವನಿಗೆ ನಿಲ್ಲಲು ಸಾಲೇ ಇಲ್ಲ ಎಂಬುದನ್ನು ಗಮನಿಸದೆ ಆ ಹೋಲಿಕೆ ಮಾಡಲಾಗದು.

ಮಿಗೆಲ್ ಕೇಟ್‌ಳನ್ನು ಮದುವೆಯಾದದ್ದು 2012ರಲ್ಲಿ. ಆಕೆ ಹುಟ್ಟಿನಿಂದ ಅಮೆರಿಕದವಳು, ಶಾಲೆಯ ಅಡುಗೆಮನೆಯಲ್ಲಿ ಕೆಲಸ; ಕೀಲುಗಳ ಸಂಧಿವಾತ ಮೂವತ್ತಕ್ಕೇ ಹಿಡಿದಿತ್ತು. 2011ರಲ್ಲಿ ಒಬ್ಬಳು, 2014ರಲ್ಲಿ ಇನ್ನೊಬ್ಬಳು ಮಗಳು. ಇಷ್ಟರಲ್ಲಿ ಸುಧಾರಣೆಯ ಅಲೆಗಳು ಅವನ ಪಕ್ಕದಲ್ಲೇ ಹಾದುಹೋದವು. ಎಳೆವೆಯಲ್ಲೇ ಬಂದವರಿಗೆ ಗಡೀಪಾರಿನಿಂದ ತಾತ್ಕಾಲಿಕ ರಕ್ಷಣೆ ಕೊಟ್ಟ 2012ರ ಡಾಕಾ ಯೋಜನೆಗೆ ಹದಿನಾರು ತುಂಬುವ ಮೊದಲೇ ದೇಶಕ್ಕೆ ಬಂದಿರಬೇಕಿತ್ತು. ಅವನು ಬಂದದ್ದು ಇಪ್ಪತ್ತಕ್ಕೆ. 2013ರ ಜೂನ್‌ನಲ್ಲಿ ಸೆನೆಟ್ 68-32ರಿಂದ ಒಪ್ಪಿದ ಸಮಗ್ರ ಮಸೂದೆಯನ್ನು ಕೆಳಮನೆ ಚರ್ಚೆಗೇ ತೆಗೆದುಕೊಳ್ಳಲಿಲ್ಲ. 2014ರ ನವೆಂಬರಿನಲ್ಲಿ ನಾಗರಿಕ ಮಕ್ಕಳ ತಂದೆತಾಯಿಗೆಂದು ಘೋಷಿಸಿದ ಅಂಥದೇ ಯೋಜನೆ ಡಾಪಾ ಅವನಿಗೆ ಸರಿಯಾಗಿ ಹೊಂದುತ್ತಿತ್ತು. ಮೂರೇ ತಿಂಗಳಲ್ಲಿ ಟೆಕ್ಸಸ್ ನ್ಯಾಯಾಲಯ ತಡೆಯಿತು, 2016ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 4-4 ಆಗಿ ಒಡೆದು ತಡೆ ಹಾಗೇ ಉಳಿಯಿತು.

ಸಮಸ್ಯೆ

ನಾಗರಿಕಳನ್ನು ಮದುವೆಯಾದ ಮೇಲೆ ಗ್ರೀನ್ ಕಾರ್ಡ್ ಸಿಗಬೇಕಲ್ಲ ಎಂದು ಎಲ್ಲರೂ ಕೇಳುತ್ತಾರೆ. ವೀಸಾ ಪಡೆದು ವಿಮಾನದಲ್ಲಿ ಬಂದು, ಅವಧಿ ಮುಗಿದರೂ ಉಳಿದವನಿಗೆ ಸಾಮಾನ್ಯವಾಗಿ ಸಿಗುತ್ತದೆ. ಅವನು ಅಮೆರಿಕದೊಳಗೆ ಇದ್ದುಕೊಂಡೇ ಅರ್ಜಿ ಹಾಕಬಹುದು. ಬಿ-2 ಪ್ರವಾಸಿ ವೀಸಾದಲ್ಲಿ ಬಂದು ಉಳಿದ ಭಾರತೀಯನಿಗೂ, ಗಡಿ ನುಸುಳಿ ಬಂದು 2025ರ ಫೆಬ್ರವರಿ 5ರಂದು ಸೇನಾ ವಿಮಾನದಲ್ಲಿ ಅಮೃತಸರಕ್ಕೆ ಇಳಿದ 104 ಮಂದಿಯಂಥವರಿಗೂ ಕಾನೂನಿನ ಕಣ್ಣಲ್ಲಿ ಇರುವ ದೊಡ್ಡ ವ್ಯತ್ಯಾಸ ಇದೇ. ತಪಾಸಣೆಯಿಲ್ಲದೆ ನುಸುಳಿದವನು ಒಳಗಿನಿಂದ ಅರ್ಜಿ ಹಾಕುವಂತಿಲ್ಲ. ಹಿಂದೆ ದಂಡ ಕಟ್ಟಿ ಹಾಕಬಹುದಿತ್ತು. ಆ ದಾರಿಗೆ 2001ರ ಏಪ್ರಿಲ್ 30ರೊಳಗೆ ಅವನ ಹೆಸರಿನಲ್ಲಿ ಅರ್ಜಿ ಸಲ್ಲಿಕೆಯಾಗಿರಬೇಕು.

ಅಂದರೆ ಮಿಗೆಲ್ ಮೆಕ್ಸಿಕೊಗೆ ಹೋಗಿ, ಅಲ್ಲಿನ ಸಿಯುದಾದ್ ಹ್ವಾರೆಸ್ ಊರಿನ ಅಮೆರಿಕದ ದೂತಾವಾಸದಿಂದ ವೀಸಾ ತರಬೇಕು. ಆದರೆ 1996ರ ಕಾನೂನು ಹೇಳುವಂತೆ, ಒಂದು ವರ್ಷ ಅಥವಾ ಹೆಚ್ಚು ಕಾಲ ಅಕ್ರಮವಾಗಿ ಇದ್ದವನು ದೇಶ ಬಿಟ್ಟ ಗಳಿಗೆಯಿಂದ ಹತ್ತು ವರ್ಷ ಮರಳುವಂತಿಲ್ಲ. ಇದ್ದರೆ ಕಾಗದವಿಲ್ಲ, ಕಾಗದಕ್ಕೆಂದು ಹೋದರೆ ಹತ್ತು ವರ್ಷ. ಜನ ದೇಶ ಬಿಟ್ಟು ಹೋಗಲಿ ಎಂದು ಮಾಡಿದ ಕಾನೂನು ಅವರನ್ನು ಒಳಗೇ ಕೂಡಿಹಾಕಿತು.

ಈ ಹತ್ತು ವರ್ಷಕ್ಕೆ ವಿನಾಯಿತಿ ಉಂಟು: ನಾಗರಿಕ ಅಥವಾ ಗ್ರೀನ್ ಕಾರ್ಡ್ ಇರುವ ಗಂಡ, ಹೆಂಡತಿ, ತಂದೆ ಅಥವಾ ತಾಯಿಗೆ "ವಿಪರೀತ ಕಷ್ಟ" ಆಗುತ್ತದೆಂದು ತೋರಿಸಬೇಕು. ಮಕ್ಕಳ ಕಷ್ಟ ನೇರವಾಗಿ ಲೆಕ್ಕಕ್ಕಿಲ್ಲ. 2013ರ ಮಾರ್ಚ್‌ವರೆಗೆ ಈ ವಿನಾಯಿತಿಯನ್ನೂ ಹೊರಗೆ ಹೋಗಿ ಕೂತೇ ಕೇಳಬೇಕಿತ್ತು. ಆಗ ಬಂದ ಐ-601ಎ ಎಂಬ ತಾತ್ಕಾಲಿಕ ವಿನಾಯಿತಿಯಿಂದ, ಒಳಗಿದ್ದುಕೊಂಡೇ ಒಪ್ಪಿಗೆ ಪಡೆದು, ಬಳಿಕ ಕೆಲವು ವಾರಗಳ ಮಟ್ಟಿಗೆ ಹೊರಗೆ ಹೋದರೆ ಸಾಕಾಯಿತು. ಇದರಲ್ಲಿ ಎರಡು ಮುಳ್ಳುಗಳಿವೆ. ಒಂದು, ಒಪ್ಪಿಗೆ ಸಿಕ್ಕರೂ ಕೆಲಸದ ಪರವಾನಗಿಯಾಗಲೀ ವಾಸದ ಹಕ್ಕಾಗಲೀ ಬರುವುದಿಲ್ಲ. ಎರಡು, ಅದು ಮನ್ನಿಸುವುದು ಅಕ್ರಮ ವಾಸವೊಂದನ್ನೇ. ಹ್ವಾರೆಸ್‌ನ ಅಧಿಕಾರಿಗೆ ಬೇರೆ ಯಾವ ದೋಷ ಕಂಡರೂ ಒಪ್ಪಿಗೆ ತಾನಾಗಿ ರದ್ದು. ಮನುಷ್ಯ ಆಗ ಗಡಿಯ ಆಚೆ ಇರುತ್ತಾನೆ.

ಮೊದಲ ತಪ್ಪು ಹೆಜ್ಜೆ

2018ರಲ್ಲಿ ದಂಪತಿ ಹೋದದ್ದು ಪಟ್ಟಣದ "ನೊತಾರಿಯೊ" ಬಳಿಗೆ. ಲ್ಯಾಟಿನ್ ಅಮೆರಿಕದಲ್ಲಿ ನೊತಾರಿಯೊ ಎಂದರೆ ದೊಡ್ಡ ವಕೀಲ; ನಮ್ಮಲ್ಲೂ ನೋಟರಿಯಾಗಲು ವಕೀಲಿಕೆಯ ಅನುಭವ ಬೇಕು. ಅಮೆರಿಕದ ನೋಟರಿ ಬರೀ ಸಹಿಗೆ ಸಾಕ್ಷಿ ಹಾಕುವವನು. ಹೆಸರಿನ ಈ ಗೊಂದಲದ ಮೇಲೆಯೇ ಒಂದು ದಂಧೆ ನಡೆಯುತ್ತದೆ. ಈತ ಮದುವೆಯ ನಂಟನ್ನು ತೋರಿಸುವ ಐ-130 ಅರ್ಜಿಯನ್ನು 535 ಡಾಲರ್ ಶುಲ್ಕ ಕಟ್ಟಿ ಸಲ್ಲಿಸಿದ. ಅಷ್ಟು ಸರಿಯಾಗಿಯೇ ಮಾಡಿದ. ಬಳಿಕ 601ಎ ನಮೂನೆಯನ್ನೂ ತುಂಬಿಟ್ಟ. ಎಷ್ಟು ಬಾರಿ ಗಡಿ ದಾಟಿದೆ ಎಂದು ಕೇಳಲಿಲ್ಲ, ಎಲ್ಲೆಲ್ಲಿ ಯಾವ ಕಾಗದ ತೋರಿಸಿ ಕೆಲಸಕ್ಕೆ ಸೇರಿದೆ ಎಂದು ಕೇಳಲಿಲ್ಲ. ಇಂಥ ಕಡತಗಳು ಸರಾಗವಾಗಿ ಒಪ್ಪಿಗೆಯಾಗಿ, ಕೊನೆಗೆ ಹ್ವಾರೆಸ್‌ನಲ್ಲಿ ಮುರಿದು ಬೀಳುತ್ತವೆ.

2019ರ ಪತ್ರ

2019ರ ವಸಂತದಲ್ಲಿ ಸಾಮಾಜಿಕ ಭದ್ರತಾ ಇಲಾಖೆ ಕೆಲವು ವರ್ಷ ನಿಲ್ಲಿಸಿದ್ದ ಪದ್ಧತಿಯನ್ನು ಮತ್ತೆ ಶುರುಮಾಡಿತು: ವೇತನಪತ್ರದಲ್ಲಿನ ಹೆಸರಿಗೂ ಸಾಮಾಜಿಕ ಭದ್ರತಾ ಸಂಖ್ಯೆಗೂ (ಸರ್ಕಾರ ಒಬ್ಬೊಬ್ಬರಿಗೆ ಕೊಡುವ ಗುರುತಿನ ಸಂಖ್ಯೆ) ತಾಳೆಯಾಗದಿದ್ದರೆ ಮಾಲೀಕನಿಗೆ ಪತ್ರ. ಇದೊಂದರ ಮೇಲೆ ಯಾರನ್ನೂ ಕೆಲಸದಿಂದ ತೆಗೆಯಬೇಡಿ ಎಂದು ಅದರಲ್ಲೇ ಬರೆದಿರುತ್ತಿತ್ತು. ಡೈರಿಯ ಲೆಕ್ಕಪತ್ರ ನೋಡುವಾಕೆ ಹೆದರಿ ನಾಲ್ವರನ್ನು ಕರೆದು, ಹೊಸ ಕಾಗದ ತಂದು ಐ-9 ಮತ್ತೆ ತುಂಬಿ ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಈ ಪ್ರಕರಣದ ಕವಲುದಾರಿ ಅದೇ.

ನಾಲ್ವರಲ್ಲಿ ಒಬ್ಬ, ಮಿಗೆಲ್‌ನ ಜೊತೆಯ ಪಾಳಿಯವನು, ಪೋರ್ಟೊರಿಕೊದವನೊಬ್ಬನ ಜನನಪತ್ರವನ್ನೂ ಸಂಖ್ಯೆಯನ್ನೂ ಹಣ ಕೊಟ್ಟು ತಂದ. ಪೋರ್ಟೊರಿಕೊದಲ್ಲಿ ಹುಟ್ಟಿದವರು ಅಮೆರಿಕದ ನಾಗರಿಕರು. (ಆ ಪತ್ರಗಳ ಕಳ್ಳವ್ಯಾಪಾರ ಎಷ್ಟಿತ್ತೆಂದರೆ, 2010ರ ಜುಲೈಗೆ ಮೊದಲು ಕೊಟ್ಟ ಎಲ್ಲ ಜನನಪತ್ರಗಳನ್ನೂ ದ್ವೀಪದ ಸರ್ಕಾರ ರದ್ದು ಮಾಡಿತ್ತು.) ಜನನಪತ್ರ ತೋರಿಸಿದ ಮೇಲೆ ಹಾಕುವ ಗುರುತು ಮೊದಲ ಚೌಕಕ್ಕೆ: ನಾಗರಿಕ.

ಮಿಗೆಲ್ ಮನೆಗೆ ಬಂದು ವಿಷಯ ಹೇಳಿದಾಗ ಕೇಟ್ ತಡೆದಳು. ಆಕೆಗೆ ಕಾನೂನು ಗೊತ್ತಿರಲಿಲ್ಲ; ಒಂದು ಅರ್ಜಿ ಸರ್ಕಾರದ ಮುಂದಿರುವಾಗ ಇನ್ನೊಂದು ಕಾಗದಕ್ಕೆ ಸಹಿ ಹಾಕುವುದು ಸರಿಯೆನಿಸಲಿಲ್ಲ, ಅಷ್ಟೆ. ಹಳೆಯ ನಮೂನೆಯನ್ನು ಹಾಗೇ ಇಟ್ಟುಕೊಳ್ಳಿ ಎಂದು ಡೈರಿಗೆ ಹೇಳಿ, ಕಡಿಮೆ ಶುಲ್ಕದ ವಲಸೆ ವಕೀಲೆಯೊಬ್ಬರ ಬಳಿಗೆ ಹೋದರು.

ವಕೀಲೆ ಮೊದಲು ಕೇಳಿದ್ದು ಐ-9ರ ಬಗ್ಗೆ. 1996ರ ಸೆಪ್ಟೆಂಬರ್ 30ರಂದು ಅಥವಾ ಆಮೇಲೆ ಯಾರಾದರೂ ತಾನು ಅಮೆರಿಕದ ನಾಗರಿಕನೆಂದು ಸುಳ್ಳು ಹೇಳಿದರೆ, ಕೆಲಸಕ್ಕಾಗಿ ಐ-9ರಲ್ಲಿ ಹೇಳಿದರೂ ಸರಿ, ಅವನಿಗೆ ಜೀವನಪರ್ಯಂತ ಗ್ರೀನ್ ಕಾರ್ಡ್ ಇಲ್ಲ. ಇದಕ್ಕೆ ವಿನಾಯಿತಿಯ ಅರ್ಜಿಯೇ ಇಲ್ಲ. ನಾಗರಿಕ ತಂದೆತಾಯಿಯ ಮಕ್ಕಳಾಗಿ ಎಳೆವೆಯಿಂದ ಅಲ್ಲೇ ಬೆಳೆದು, ತಾವು ನಾಗರಿಕರೆಂದೇ ನಂಬಿದ್ದವರಿಗೆ ಒಂದು ಸಣ್ಣ ಕಿಂಡಿ ಇದೆ, ಅಷ್ಟೇ. ನಕಲಿ ಗ್ರೀನ್ ಕಾರ್ಡ್ ತೋರಿಸಿ ಆ ಚೌಕಕ್ಕೆ ಗುರುತು ಹಾಕುವುದೂ ಅಪರಾಧವೇ, ಜೈಲೂ ಆಗಬಹುದು. ಆದರೆ ಅದು ನಾಗರಿಕತ್ವದ ಸುಳ್ಳಲ್ಲವಾದ್ದರಿಂದ ಈ ಶಾಶ್ವತ ಬಾಗಿಲು ಬೀಳುವುದಿಲ್ಲ. ಎರಡೂ ಸುಳ್ಳೇ. ಒಂದನ್ನು ಕಾನೂನು ಸಹಿಸಬಲ್ಲದು, ಇನ್ನೊಂದನ್ನು ಸಾಯುವವರೆಗೆ ಮರೆಯದು.

ಮಿಗೆಲ್ 2004ರಲ್ಲೂ 2007ರಲ್ಲೂ ತೋರಿಸಿದ್ದು ಅಂಗಡಿಯಲ್ಲಿ ಕೊಂಡ "ಮೀಕಾ", ಅಂದರೆ ನಕಲಿ ಗ್ರೀನ್ ಕಾರ್ಡ್. ನೆನಪನ್ನು ನಂಬಿ ಗಡಿ ದಾಟುವಂತಿರಲಿಲ್ಲ. ವಿಸ್ಕಾನ್ಸಿನ್ ಕಾನೂನಿನಂತೆ ನೌಕರ ವರ್ಷಕ್ಕೆ ಎರಡು ಬಾರಿ ತನ್ನ ಕಡತ ನೋಡಲು ಕೇಳಬಹುದು. ಹಾಗೆ ಕೇಳಿ 2007ರ ನಮೂನೆಯ ಪ್ರತಿ ತರಿಸಿದರು. 2009ರ ಏಪ್ರಿಲ್‌ವರೆಗಿನ ಐ-9ರಲ್ಲಿ ಮೂರೇ ಚೌಕ: ನಾಗರಿಕ ಅಥವಾ ರಾಷ್ಟ್ರೀಯ, ಗ್ರೀನ್ ಕಾರ್ಡ್, ಪರವಾನಗಿ ಇರುವ ವಿದೇಶಿ. ಗುರುತು ಎರಡನೆಯದರಲ್ಲಿತ್ತು. ಮಾಂಸದ ಕಾರ್ಖಾನೆಯ ನಮೂನೆ ಸಿಗಲಿಲ್ಲ. ಸೇರಿ ಮೂರು ವರ್ಷ ಅಥವಾ ಬಿಟ್ಟು ಒಂದು ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಟ್ಟುಕೊಂಡರೆ ಸಾಕು. ಅವರು ನಾಶ ಮಾಡಿದ್ದರು.

ಎರಡನೇ ಪ್ರಶ್ನೆ: ಒಮ್ಮೆ ನೆಲೆಸಿದ ಮೇಲೆ ಊರಿಗೆ ಹೋಗಿ ಮತ್ತೆ ಕದ್ದು ಬಂದಿದ್ದೀಯಾ? ಒಟ್ಟು ಒಂದು ವರ್ಷಕ್ಕಿಂತ ಹೆಚ್ಚು ಅಕ್ರಮವಾಗಿ ಇದ್ದು, ಹೊರಗೆ ಹೋಗಿ, ಮತ್ತೆ ನುಸುಳಿದವನಿಗೆ ಬೇರೆಯದೇ ನಿರ್ಬಂಧ. ಹತ್ತು ವರ್ಷ ಹೊರಗಿದ್ದ ಮೇಲಷ್ಟೇ ಅನುಮತಿ ಬೇಡಲೂ ಸಾಧ್ಯ, 601ಎ ಅಲ್ಲಿ ಕೆಲಸಕ್ಕೆ ಬಾರದು. 2011ರಲ್ಲಿ ತಾಯಿ ತೀರಿಕೊಂಡಾಗ ಮಿಗೆಲ್ ಹೊರಟು ನಿಂತಿದ್ದ. ದಾಟಿಸುವವನಿಗೆ ಕೊಡಲು ದುಡ್ಡಿಲ್ಲದೆ ಉಳಿದ. ಮಣ್ಣಿಗೆ ಹೋಗಲಾಗದ ಆ ಕೊರಗೇ ಎಂಟು ವರ್ಷದ ನಂತರ ಅವನ ಕಡತವನ್ನು ಉಳಿಸಿತ್ತು.

ಮೂರನೆಯದು 2004ರಲ್ಲಿ ಸಿಕ್ಕಿಬಿದ್ದದ್ದು. ಅಂದು ಅವನಿಂದ ಸಹಿ ಹಾಕಿಸಿಕೊಂಡ ಕಾಗದ ಸ್ವಯಂ ವಾಪಸಾತಿಯದೋ, ಗಡೀಪಾರಿನ ಆದೇಶವೋ? ಅವನಿಗೆ ತಿಳಿಯದು. ಗಡಿ ಇಲಾಖೆಗೂ ಬೆರಳಚ್ಚು ದಾಖಲೆಯ ಕಚೇರಿಗೂ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 18 ಡಾಲರ್ ಕಟ್ಟಿ ಎಫ್‌ಬಿಐನಿಂದ ಅವನ ದಾಖಲೆ ತರಿಸಿದರು. ಐದು ತಿಂಗಳ ಮೇಲೆ ಬಂದ ಉತ್ತರ: ಒಂದೇ ಬಂಧನ, ಸ್ವಯಂ ವಾಪಸಾತಿ. ಈ ಮೂರು ಉತ್ತರ ಕೈಗೆ ಬಂದ ಮೇಲೆಯೇ 601ಎ ಕೆಲಸ ಶುರುವಾಯಿತು. ನೊತಾರಿಯೊ ತುಂಬಿಟ್ಟಿದ್ದ ನಮೂನೆಯನ್ನು ಹರಿದು ಹಾಕಿದರು.

ಕಷ್ಟವನ್ನು ಕಾಗದಕ್ಕೆ ಇಳಿಸುವುದು

"ವಿಪರೀತ ಕಷ್ಟ"ದ ಕಡತ 240 ಪುಟ ಆಯಿತು. ಸೋಲುವ ಕಡತಗಳಲ್ಲಿ ಪ್ರೀತಿಯ ಪತ್ರಗಳಿರುತ್ತವೆ, ಕುಟುಂಬದ ಫೋಟೊಗಳಿರುತ್ತವೆ. ಅಗಲಿಕೆಯ ನೋವು ಎಲ್ಲರಿಗೂ ಇದ್ದದ್ದೇ, ಅದು "ವಿಪರೀತ"ವಲ್ಲ ಎಂದು ಅಧಿಕಾರಿ ಬರೆದು ಮುಗಿಸುತ್ತಾರೆ. ಇಲ್ಲಿ ಆಧಾರವಾದದ್ದು ಕೇಟ್‌ಳ ಸಂಧಿವಾತ. ವೈದ್ಯರ ಮೊದಲ ಪತ್ರದಲ್ಲಿ ರೋಗದ ಹೆಸರು, ಔಷಧಿಯ ಹೆಸರು ಮಾತ್ರ ಇದ್ದವು. ವಕೀಲೆ ಅದನ್ನು ವಾಪಸು ಕಳಿಸಿ ಬೇರೆ ಬರೆಸಿದರು: ರೋಗ ಉಲ್ಬಣಿಸಿದ ವಾರಗಳಲ್ಲಿ ಆಕೆ ಏನೇನು ಮಾಡಲಾರಳು, ಬಟ್ಟೆಯ ಗುಂಡಿ ಹಾಕುವವರು, ಮಗುವನ್ನು ಎತ್ತುವವರು ಯಾರು, ಚುಚ್ಚುಮದ್ದು ತಪ್ಪಿದರೆ ಎಷ್ಟು ದಿನದಲ್ಲಿ ಏನಾಗುತ್ತದೆ. ಆ ಚುಚ್ಚುಮದ್ದಿನ ಖರ್ಚು ಭರಿಸುತ್ತಿದ್ದದ್ದು ಶಾಲೆಯ ಕೆಲಸದ ವಿಮೆ. ಗಂಡನ ಜೊತೆ ವೆರಾಕ್ರೂಸ್‌ಗೆ ಹೋದರೆ ಅದು ಹೋಗುತ್ತದೆ, ಇಲ್ಲೇ ಉಳಿದರೆ ಮನೆಸಾಲದ ಕಂತು ಒಬ್ಬಳ ಸಂಬಳದಲ್ಲಿ ತೀರದು. ಎರಡೂ ದಾರಿಯ ಲೆಕ್ಕವನ್ನು ಬಿಲ್ಲುಗಳ ಸಮೇತ ಇಟ್ಟರು. ಮಕ್ಕಳ ಸಂಕಟವನ್ನು ಹೇಳಿದ್ದು ಕೇಟ್‌ಳ ಮೇಲೆ ಬೀಳುವ ಹೊರೆಯಾಗಿ.

ಡೈರಿ ಮಾಲೀಕನಿಂದ "ಹನ್ನೆರಡು ವರ್ಷದ ನಂಬಿಕಸ್ಥ ಕೆಲಸಗಾರ" ಎಂಬ ಪತ್ರ ತರುವುದಾಗಿ ಕೇಟ್ ಹೇಳಿದಾಗ ವಕೀಲೆ ಬೇಡವೆಂದರು. 1986ರ ಕಾನೂನಿನ ಶಿಕ್ಷೆ ಇರುವುದು "ಗೊತ್ತಿದ್ದೂ" ಕೆಲಸ ಕೊಟ್ಟವನಿಗೆ. ಅಕ್ರಮ ವಾಸದ ಮನ್ನಾ ಅರ್ಜಿಗೆ ಮಾಲೀಕ ಪತ್ರ ಬರೆದನೆಂದರೆ ಅವನಿಗೆ ಗೊತ್ತಿದೆ ಎಂದೇ ಅರ್ಥ; ಮರುದಿನದಿಂದ ಮಿಗೆಲ್‌ನನ್ನು ಕೆಲಸದಲ್ಲಿ ಇಟ್ಟುಕೊಳ್ಳುವಂತಿಲ್ಲ. ಒಳ್ಳೆಯ ಮಾತು ಹೇಳಿದ ಮಾಲೀಕನೇ ಕೆಲಸದಿಂದ ತೆಗೆಯಬೇಕಾಗುತ್ತದೆ. ಅದರ ಬದಲಿಗೆ ವೇತನಪತ್ರಗಳು, 2010ರಿಂದ ಕಟ್ಟಿದ ತೆರಿಗೆಯ ಪ್ರತಿಗಳು, ಚರ್ಚಿನ ಪಾದ್ರಿಯ ಪತ್ರ ಸೇರಿದವು.

ಕಾಯುವಿಕೆ

2021ರ ಮಾರ್ಚ್‌ನಲ್ಲಿ 630 ಡಾಲರ್ ಶುಲ್ಕ, 85 ಡಾಲರ್ ಬೆರಳಚ್ಚು ಶುಲ್ಕದೊಡನೆ 601ಎ ಹೋಯಿತು. ಒಂದು ವರ್ಷದೊಳಗೆ ಮುಗಿಯುತ್ತಿದ್ದ ಕೆಲಸ ಆ ಕಾಲಕ್ಕೆ ಮೂರೂವರೆ ವರ್ಷಕ್ಕೆ ಹಿಗ್ಗಿತ್ತು. ಈ ಅವಧಿಯ ದೊಡ್ಡ ಅಪಾಯ ರಸ್ತೆ. 2007ರಿಂದ ವಿಸ್ಕಾನ್ಸಿನ್ ದಾಖಲೆಯಿಲ್ಲದವರಿಗೆ ಚಾಲನಾ ಪರವಾನಗಿ ಕೊಡುವುದಿಲ್ಲ. ಹಾಲಿನ ಟ್ಯಾಂಕರ್ ಬಿಟ್ಟರೆ ಬೇರೆ ವಾಹನ ಸುಳಿಯದ ಹಳ್ಳಿಗಳಲ್ಲಿ ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದು. 2016ರಲ್ಲಿ ಮಿಗೆಲ್‌ಗೆ ಒಮ್ಮೆ ಇದಕ್ಕೇ ದಂಡ ಬಿದ್ದಿತ್ತು. ಮೂರು ವರ್ಷದೊಳಗೆ ಎರಡು ಸಲ ಸಿಕ್ಕಿದರೆ ಅದು ಕ್ರಿಮಿನಲ್ ಅಪರಾಧ. ಬಂಧನವಾಗಿ ಗಡೀಪಾರು ಮೊಕದ್ದಮೆ ಹೂಡಿದರೆ 601ಎ ಬಹುಮಟ್ಟಿಗೆ ಸತ್ತ ಹಾಗೆ. ಕೇಟ್ ಬೆಳಗಿನ ನಾಲ್ಕಕ್ಕೆ ಎದ್ದು ಅವನನ್ನು ಬಿಟ್ಟು ಬಂದು, ಮಕ್ಕಳನ್ನು ಎಬ್ಬಿಸಿ, ತನ್ನ ಕೆಲಸಕ್ಕೆ ಹೋಗುತ್ತಿದ್ದಳು.

2024ರ ಆಗಸ್ಟ್ 19ರಂದು ಹೊಸ ಬಾಗಿಲೊಂದು ತೆರೆಯಿತು: ಹತ್ತು ವರ್ಷದಿಂದ ಇರುವ, ನಾಗರಿಕರನ್ನು ಮದುವೆಯಾದ ದಾಖಲೆಯಿಲ್ಲದವರಿಗೆ ದೇಶದೊಳಗೇ ಪರೋಲ್ (ತಾತ್ಕಾಲಿಕವಾಗಿ ಇರಲು ಅನುಮತಿ), ಆಮೇಲೆ ಒಳಗಿನಿಂದಲೇ ಗ್ರೀನ್ ಕಾರ್ಡ್ ಅರ್ಜಿ. ಹ್ವಾರೆಸ್‌ಗೆ ಹೋಗುವ ಭಯವೇ ಇಲ್ಲ. ಸರ್ಕಾರದ ಅಂದಾಜಿನಲ್ಲಿ ಸುಮಾರು 5 ಲಕ್ಷ ಗಂಡಹೆಂಡಿರಿಗೆ ಅನುಕೂಲ. ಮಿಗೆಲ್‌ನ ಹೆಸರು, ವಿಳಾಸ, ಬೆರಳಚ್ಚು ಎಲ್ಲ ಆಗಲೇ ಅದೇ ಇಲಾಖೆಯ ಬಳಿ ಇದ್ದದ್ದರಿಂದ ಹೊಸದಾಗಿ ಬಯಲಾಗುವುದೇನೂ ಇರಲಿಲ್ಲ. ಕಳೆದರೆ 580 ಡಾಲರ್. ಹಾಕಿ, ಆದರೆ 601ಎಯನ್ನು ಮುಟ್ಟಬೇಡಿ ಎಂದರು ವಕೀಲೆ. 22ರಂದು ಹಾಕಿದರು. 26ರಂದು ಟೆಕ್ಸಸ್ ನ್ಯಾಯಾಲಯದ ತಡೆ. ನವೆಂಬರ್ 7ರಂದು ಯೋಜನೆಯೇ ರದ್ದು. ಡಾಪಾ ಕಥೆಯೇ ಮತ್ತೊಮ್ಮೆ. ಅಧ್ಯಕ್ಷರ ಆದೇಶದಿಂದ ಬರುವ ಸುಧಾರಣೆ ನ್ಯಾಯಾಲಯದ ಆದೇಶದಿಂದ ಹೋಗುತ್ತದೆ, ಸಂಸತ್ತು ಸುಮ್ಮನಿರುತ್ತದೆ. ಅದನ್ನು ನೆಚ್ಚಿ ಹಳೆಯ ಅರ್ಜಿ ಕೈಬಿಟ್ಟವರು ಸಾಲಿನ ಕೊನೆಗೆ ಹೋದರು. ಮಿಗೆಲ್‌ನ 601ಎ ಆ ಅಕ್ಟೋಬರಿನಲ್ಲಿ, 43 ತಿಂಗಳ ಮೇಲೆ, ಒಪ್ಪಿಗೆಯಾಗಿತ್ತು.

ಹೋಗುವುದೋ ಬೇಡವೋ

ಮುಂದಿನದು ವೀಸಾ ಕೇಂದ್ರದ ಕೆಲಸ: 120 ಮತ್ತು 325 ಡಾಲರ್ ಶುಲ್ಕ, ವಲಸೆ ವೀಸಾದ ಡಿಎಸ್-260 ಅರ್ಜಿ, ಗಂಡನ ಜೀವನದ ಹೊಣೆ ಹೊರುವ ಕೇಟ್‌ಳ ಐ-864 ಜವಾಬ್ದಾರಿ ಪತ್ರ. ನಾಲ್ವರ ಸಂಸಾರಕ್ಕೆ 2025ರಲ್ಲಿ ತೋರಿಸಬೇಕಾದ ವರಮಾನ ಬಡತನ ರೇಖೆಯ ಶೇ. 125, ಅಂದರೆ 40,187 ಡಾಲರ್. ಕೇಟ್‌ಳ ಸಂಬಳ 31,000. ಜೊತೆಗೆ ಸಹಿ ಹಾಕಲು ಡೈರಿ ಮಾಲೀಕನನ್ನು ಕೇಳುವಂತಿರಲಿಲ್ಲ, ಕಾರಣ ಮೇಲಿನದೇ. ಅವಳ ಚಿಕ್ಕಪ್ಪ ಹಾಕಿದರು. 2025ರ ಏಪ್ರಿಲ್ 7ರಂದು ತೆರಿಗೆ ಇಲಾಖೆಯೂ ವಲಸೆ ಪೊಲೀಸರೂ ಮಾಹಿತಿ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡರು. ಆ ವರ್ಷದ ತೆರಿಗೆ ವಿವರ ಸಲ್ಲಿಸಬೇಕೇ ಎಂದು ದಂಪತಿ ಒಂದು ವಾರ ಅಳೆದು ಸುರಿದರು. ಐ-864ಕ್ಕೆ ಇತ್ತೀಚಿನ ತೆರಿಗೆ ವಿವರ ಬೇಕೇ ಬೇಕು, ಸಲ್ಲಿಸಿದರು.

ಸಂದರ್ಶನ ಜುಲೈಗೆ ನಿಗದಿಯಾಯಿತು. ಜೂನ್ 10ರಂದು ನೆಬ್ರಾಸ್ಕಾದ ಒಮಾಹಾದಲ್ಲಿ ಮಾಂಸದ ಘಟಕವೊಂದರ ಮೇಲೆ ದಾಳಿ ನಡೆದಿತ್ತು. ಆ ಘಟಕ ಕೆಲಸಗಾರರ ವಿವರವನ್ನು ಸರ್ಕಾರದ ದಾಖಲೆಯೊಡನೆ ಹೋಲಿಸುವ ಇ-ವೆರಿಫೈ ವ್ಯವಸ್ಥೆಯನ್ನು ಬಳಸುತ್ತಿತ್ತು ಎಂಬುದು ಇಲ್ಲಿ ಮುಖ್ಯ. ಇ-ವೆರಿಫೈ ನೋಡುವುದು ಹೆಸರು ಮತ್ತು ಸಂಖ್ಯೆ ನಿಜವಾದ ಒಬ್ಬ ವ್ಯಕ್ತಿಗೆ ಸೇರಿವೆಯೇ ಎಂದು; ಎದುರಿಗಿರುವವನೇ ಆ ವ್ಯಕ್ತಿಯೇ ಎಂಬುದು ಅದಕ್ಕೆ ಸುಲಭವಾಗಿ ತಿಳಿಯದು. ಆದ್ದರಿಂದ ತಪಾಸಣೆ ಬಿಗಿಯಾದಷ್ಟೂ ಕೆಲಸಗಾರ ಕಲ್ಪಿತ ಸಂಖ್ಯೆ ಬಿಟ್ಟು, ಬದುಕಿರುವ ನಾಗರಿಕನೊಬ್ಬನ ಹೆಸರನ್ನೇ ಹೊದ್ದುಕೊಳ್ಳುತ್ತಾನೆ. ಗ್ರೀನ್ ಕಾರ್ಡಿನ ಚೌಕದಿಂದ ನಾಗರಿಕನ ಚೌಕಕ್ಕೆ. ಇ-ವೆರಿಫೈ ಎಲ್ಲರಿಗೂ ಕಡ್ಡಾಯ ಮಾಡಿ ಎನ್ನುವವರೂ, ಅದರ ಬದಲಿಗೆ ಕ್ಷಮಾದಾನ ಕೊಡಿ ಎಂದು ಚೌಕಾಸಿ ಮಾಡುವವರೂ ಇದನ್ನು ಗಮನಿಸಿದಂತಿಲ್ಲ: ಕಡ್ಡಾಯ ಮೊದಲು ಬಂದು ಕ್ಷಮೆ ತಡವಾದರೆ, ಕ್ಷಮೆ ಬರುವ ಹೊತ್ತಿಗೆ ಅದಕ್ಕೆ ಅರ್ಹರೇ ಕಡಿಮೆಯಾಗಿರುತ್ತಾರೆ.

ಜೂನ್ 12ರಂದು ಅಧ್ಯಕ್ಷರು ರೈತರು ಒಳ್ಳೆಯ ಕೆಲಸಗಾರರನ್ನು ಕಳೆದುಕೊಳ್ಳುತ್ತಿದ್ದಾರೆಂದು ಬರೆದರು, ಹೊಲಗಳ ಮೇಲಿನ ದಾಳಿ ನಿಂತಿತು; ಕೆಲವೇ ದಿನಗಳಲ್ಲಿ ಆ ಸೂಚನೆಯೂ ಹಿಂದೆ ಹೋಯಿತು. ಇಂಥ ಗಾಳಿಯಲ್ಲಿ ಹೋಗುವುದೇ? ಹೋಗದಿದ್ದರೆ ಒಪ್ಪಿಗೆ ಪತ್ರ ಯಾವ ರಕ್ಷಣೆಯನ್ನೂ ಕೊಡದು. ಹೋದರೆ ಅಧಿಕಾರಿಯ ಒಂದು ಅನುಮಾನಕ್ಕೆ ಹತ್ತು ವರ್ಷ. ಮೂರು ಪ್ರಶ್ನೆಗಳಿಗೂ ಕಾಗದದ ಉತ್ತರ ಇದ್ದದ್ದರಿಂದ ವಕೀಲೆ ಹೋಗಿ ಎಂದರು. ಮಿಗೆಲ್ ಡೈರಿಯ ಕೆಲಸ ಬಿಟ್ಟು, ಷಿಕಾಗೊದಿಂದ ಮೆಕ್ಸಿಕೊ ನಗರದ ಮೂಲಕ ಹ್ವಾರೆಸ್ ತಲುಪಿದ.

ಮೊದಲು ವೈದ್ಯಕೀಯ ಪರೀಕ್ಷೆ, ಲಸಿಕೆ, ಹಚ್ಚೆಗಳ ವಿಚಾರಣೆ. ಬಳಿಕ ಬೆರಳಚ್ಚು. ಕೊನೆಗೆ ಗಾಜಿನಾಚೆಯ ಅಧಿಕಾರಿ ಪ್ರಮಾಣ ಮಾಡಿಸಿ ಕೇಳಿದ್ದು: ಎಷ್ಟು ಬಾರಿ ದಾಟಿದೆ? ಪೊಲೀಸರು ಹಿಡಿದಿದ್ದರೇ? ಏನು ತೋರಿಸಿ ಕೆಲಸಕ್ಕೆ ಸೇರಿದೆ? ನಾಗರಿಕನೆಂದು ಎಂದಾದರೂ ಹೇಳಿದ್ದೀಯಾ? ನಕಲಿ ಮೀಕಾ ಎಂದು ಅವನು ಇದ್ದದ್ದನ್ನೇ ಹೇಳಿ, 2007ರ ಪ್ರತಿಯನ್ನು ಗಾಜಿನಡಿ ತಳ್ಳಿದ. ಅಲ್ಲಿ ಹೇಳುವ ಸುಳ್ಳು ಹಳೆಯ ಸುಳ್ಳಿಗಿಂತ ದುಬಾರಿ. ವೀಸಾ ಪಡೆಯಲು ಸರ್ಕಾರಕ್ಕೇ ಹೇಳಿದ ಸುಳ್ಳು ಬೇರೊಂದು ನಿರ್ಬಂಧಕ್ಕೆ ದಾರಿ.

ಎಡವಿದ್ದು ಮಾತ್ರ ಯಾರೂ ನೆನೆಸದ ಕಡೆ. 2016ರ ದಂಡಕ್ಕೆ ನ್ಯಾಯಾಲಯದ ಜಾಲತಾಣದಿಂದ ಮುದ್ರಿಸಿದ ಹಾಳೆ ಒಯ್ದಿದ್ದ. ಅಧಿಕಾರಿಗೆ ಬೇಕಾದದ್ದು ಮೊಹರು ಹಾಕಿದ ದೃಢೀಕೃತ ಪ್ರತಿ. ವೀಸಾ ತಡೆಹಿಡಿದ ಚೀಟಿ ಕೈಗೆ ಬಂತು. ಕೇಟ್ ಕೌಂಟಿ ನ್ಯಾಯಾಲಯದಲ್ಲಿ ಕೆಲವು ಡಾಲರ್ ಕಟ್ಟಿ ಅದೇ ದಿನ ಪ್ರತಿ ಪಡೆದಳು. ಅದು ಹ್ವಾರೆಸ್ ತಲುಪಿ, ವೀಸಾ ಅಚ್ಚಾಗಿ ಕೈಗೆ ಬರಲು 33 ದಿನ ಹಿಡಿಯಿತು. ಹೊರಡುವ ಮೊದಲು ತರಬಹುದಾಗಿದ್ದ ಕಾಗದ.

ನಂತರ

ಆಗಸ್ಟ್ ಕೊನೆಗೆ ಷಿಕಾಗೊದಲ್ಲಿ ಇಳಿದ. ಇಪ್ಪತ್ತೊಂದು ವರ್ಷದ ಮೇಲೆ ಮೊದಲ ಬಾರಿ ತಪಾಸಣೆಯ ಕಿಟಕಿಯ ಮೂಲಕ ದೇಶದೊಳಗೆ ಬಂದ. ಕಾರ್ಡಿಗೆ ಕಟ್ಟಿದ 235 ಸೇರಿಸಿ ವಲಸೆ ಮತ್ತು ವೀಸಾ ಅರ್ಜಿಗಳ ಶುಲ್ಕ ಒಟ್ಟು 2,510 ಡಾಲರ್. ವಕೀಲೆಯ ಶುಲ್ಕ, ವೈದ್ಯಕೀಯ, ಪ್ರಯಾಣ, ಎರಡು ತಿಂಗಳ ಕೂಲಿ ಬೇರೆ.

ಡೈರಿ ಮಾಲೀಕ ಗಂಟೆಗೆ 19 ಡಾಲರ್‌ಗೆ ಮತ್ತೆ ಕರೆದ. ಹತ್ತಿರದ ಚೀಸ್ ಕಾರ್ಖಾನೆ 24 ಡಾಲರ್, ವಿಮೆ, ಓವರ್‌ಟೈಮ್ ಕೊಡುತ್ತೇನೆಂದಿತು. ಮಿಗೆಲ್ ಅಲ್ಲಿಗೆ ಹೋದ. ಡೈರಿಯವರ ಅಳುಕು ಇದೇ. 2019ರಲ್ಲೂ 2021ರಲ್ಲೂ ಕೆಳಮನೆ ಒಪ್ಪಿ ಸೆನೆಟ್‌ನಲ್ಲಿ ನಿಂತುಹೋದ ಕೃಷಿ ಕಾರ್ಮಿಕರ ಮಸೂದೆ ಗ್ರೀನ್ ಕಾರ್ಡಿಗೆ ಮೊದಲು ಇನ್ನೂ ನಾಲ್ಕು ವರ್ಷ, ಹೊಸಬರಾದರೆ ಎಂಟು ವರ್ಷ, ಬೇಸಾಯದಲ್ಲೇ ದುಡಿಯಬೇಕೆಂದು ಷರತ್ತು ಹಾಕಿದ್ದು ಇದಕ್ಕೇ. ಕಾಗದ ಸಿಕ್ಕವನು ಕೊಟ್ಟಿಗೆಯಲ್ಲಿ ಉಳಿಯುವುದಿಲ್ಲ ಎಂಬುದು ಎರಡೂ ಕಡೆಯವರಿಗೆ ಗೊತ್ತು. ಹಾಗಾದರೆ ಕೊರತೆ ಇರುವುದು ಕೈಗಳದೋ ಅಥವಾ ಆ ಕೂಲಿಗೆ ಒಪ್ಪುವ ಕೈಗಳದೋ ಎಂದು ಕೇಳುವವರು ಮಾತ್ರ ಕಡಿಮೆ.

ಚೀಸ್ ಕಾರ್ಖಾನೆಯಲ್ಲಿ ಐ-9 ಕೊಟ್ಟರು. 2007ರಲ್ಲಿ ಎರಡನೆಯದಾಗಿದ್ದ ಚೌಕ 2009ರ ಬದಲಾವಣೆಯ ನಂತರ ಮೂರನೆಯದಾಗಿದೆ. ಅವನು ಅದನ್ನು ಹುಡುಕಿ ಗುರುತು ಹಾಕಬೇಕಾಯಿತು.

ಜೊತೆಯ ಪಾಳಿಯವನು 2022ರಲ್ಲಿ ನಾಗರಿಕಳೊಬ್ಬಳನ್ನು ಮದುವೆಯಾದ. ಅದೇ ವಕೀಲೆಯ ಬಳಿ ಹೋದಾಗ ಅವರು 2019ರ ಚೌಕದ ಬಗ್ಗೆ ಕೇಳಿ, ಅರ್ಜಿ ಹಾಕಬೇಡಿ ಎಂದರು. ಅವನು ಈಗಲೂ ಅದೇ ಡೈರಿಯಲ್ಲಿ, ಬೇರೆಯವರ ಹೆಸರಿನಲ್ಲಿ, ರಾತ್ರಿ ಪಾಳಿ ನಡೆಸುತ್ತಾನೆ. ನಮೂನೆ ಕಚೇರಿಯ ಕಪಾಟಿನಲ್ಲಿದೆ. ಅವನು ಕೆಲಸದಲ್ಲಿರುವವರೆಗೆ, ಬಿಟ್ಟ ಮೇಲೂ ಒಂದು ವರ್ಷ, ಮಾಲೀಕ ಅದನ್ನು ಎಸೆಯುವಂತಿಲ್ಲ.